ಎಣ್ಣಿ ಹತ್ತದ ಮನಿತನ

"ಏ, ಆ ಬಂಜಿ ರಂಡಿನ್ನ ಹೊರಗ ಹಾಕ್ರಲೇ! ಯಾವಾಕಿ ಈಕಿನ್ನ ಸಾಲಿಗಿ ಬಿಟ್ಟಾಕಿ? ಈಕಿ ಮುಟ್ಟಿದ ಹೂವು ಕಾಯಿ ಕಟ್ಟತಾವೇನು? ಕೈ ಸೇದಿ ಹೋಗ್ಲಿ ಈಕಿದು!"

ಬಸವಂತ್ರಾಯಗೌಡ ಬದುವಿನ ಮೇಲೆ ನಿಂತು ಕೂಗುತ್ತಿದ್ದ. ಹತ್ತಿ ಹೊಲದೊಳಗೆ ಬಗ್ಗಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತರು. ಗೌಡ ಹೆಸರು ಹೇಳಲಿಲ್ಲ, ಹೇಳುವ ದರಕಾರೂ ಇರಲಿಲ್ಲ. ಮದುವೆಯಾಗಿ ಏಳು ವರ್ಷವಾದರೂ ಮಡಿಲು ತುಂಬದವಳು ಆ ಹೊಲದಲ್ಲಿ ಒಬ್ಬಳೇ. ಮಲ್ಲೇಶ್ವರಿ ತನ್ನ ಉಡಿಯಲ್ಲಿದ್ದ ಗಂಡು ಹೂಗಳನ್ನು ಪಕ್ಕದ ಸಾಲಿನವಳ ಉಡಿಗೆ ಸುರಿದು, ಒಂದು ಎಲೆಗೂ ಸೆರಗು ತಾಗದಂತೆ ಸಾಲು ದಾಟಿ ಬದುವಿಗೆ ಬಂದಳು.

"ಗೌಡ್ರ, ಮುಂಜಾನಿಂದ ನಾಕು ಸಾಲು ಮುಗಿಸೇನ್ರಿ. ಹ್ವಾದ ವಾರ ನಾ ಮಾಡಿದ್ದು ಕಾಯಿ ಕಟ್ಟ್ಯಾವ, ಬೇಕಾದ್ರ ನೋಡ್ರಿ" ಅಂದಳು.

"ಎದುರು ಮಾತಾಡ್ತಿಯೇನಲೇ? ಶಾಸ್ತ್ರಿ ಪಂಚಾಂಗ ನೋಡಿ ಹೇಳ್ಯಾನ, ನನ್ನ ಹೊಲದಾಗ ಬಂಜಿ ಕೈ ಆಡ್ಯಾವ ಅಂತ. ಇನ್ನ ಮ್ಯಾಲ ನೀರು ಹೊರು, ಕಸ ಆರಸು. ಹೂವಿನ ತಂಟೆಕ ಬಂದಿ ಅಂದ್ರ ಕೂದಲಾ ಹಿಡದು ಎಳಸ್ತೀನಿ."

ಅವಳ ಗಂಡ ಹಣಮೇಶ ಅದೇ ಬದುವಿನ ತುದಿಯಲ್ಲಿ ಕೂತು ಎಣ್ಣಿ ಕಲಸುತ್ತಿದ್ದ. ಈ ಸೀಮೆಯಲ್ಲಿ ಹುಳ ಕೊಲ್ಲುವ ವಿಷಕ್ಕೆ ಎಣ್ಣಿ ಅಂತಲೇ ಹೆಸರು. ಕೋಲಿನಿಂದ ತಿರುವಿದರೆ ತಳದಲ್ಲಿ ಗಸಿ ಉಳಿಯುತ್ತದೆಂದು ಗೌಡನ ತಕರಾರು. ಅದಕ್ಕೆ ಬಲಗೈಯನ್ನು ಮೊಣಕೈವರೆಗೆ ಬಕೀಟಿಗೆ ಇಳಿಸಿ ತಿರುವಬೇಕು. ಹಾಲಿನಂಥ ಬಿಳಿ ನೀರು. ವಾಸನೆ ಮಾತ್ರ ಸತ್ತ ಇಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟಂತೆ. ಹೆಂಡತಿಗೆ ಬಿದ್ದ ಬೈಗುಳ ಅವನ ಕಿವಿಗೂ ಬಿತ್ತು. ಕೈ ತಿರುವುವುದನ್ನು ನಿಲ್ಲಿಸಲಿಲ್ಲ.

ಅದು ಬೀಜದ ಹತ್ತಿ. ಕಂಪನಿಗೆ ಬೀಜ ಮಾಡಿಕೊಡುವ ಹೊಲ. ಹೊಲವೆಲ್ಲ ಹೆಣ್ಣು ಗಿಡಗಳ ಸಾಲು, ಬೇವಿನ ಮರದ ಹತ್ತಿರ ಒಂದು ಸಣ್ಣ ತುಂಡಿನಲ್ಲಿ ಮಾತ್ರ ಗಂಡು ಸಾಲು. ಸಂಜೆ ಹೆಂಗಸರು ಹೆಣ್ಣು ಗಿಡದ ಮೊಗ್ಗುಗಳನ್ನು ಉಗುರಿನಿಂದ ಸುಲಿದು ಒಳಗಿನ ಹಳದಿ ಪುಡಿ ತೆಗೆದು ಹಾಕಬೇಕು. ಮುಂಜಾನೆ ಗಂಡು ಸಾಲಿನ ಹೂ ಕಿತ್ತು ತಂದು ಅದರ ಪುಡಿಯನ್ನು ಈ ಸುಲಿದ ಮೊಗ್ಗಿಗೆ ಒರೆಸಬೇಕು. ಆಗ ಕಾಯಿ, ಆಗ ಬೀಜ, ಆಗ ಗೌಡನ ಮನೆಗೆ ಇನ್ನೊಂದು ಮಹಡಿ.

ಗಂಡು ಸಾಲಿನ ಸುತ್ತ ಗೂಟ ನೆಟ್ಟು ಹಳೇ ಸೀರೆ ಕಟ್ಟಿಸಿದ್ದ ಗೌಡ. ಕೂಲಿಗೆ ಬರುವ ಹೆಂಗಸರು ತಲೆಗೊಂದು ಸೀರೆ ತರಬೇಕೆಂದು ಹುಕುಂ. ಮಲ್ಲೇಶ್ವರಿಯ ಹಸಿರು ಸೀರೆಯೂ ಅಲ್ಲಿತ್ತು, ಮೊದಲನೇ ವರ್ಷ ತವರಿನವರು ಉಡಿ ತುಂಬಿದ್ದು. ಅವಳ ಕೈ ಮೈಲಿಗೆ, ಅವಳ ಸೀರೆ ಗಂಡು ಸಾಲಿಗೆ ಮರೆ! ನಾಚಿಕೆ ಅನ್ನುವುದು ಸಂತೆಯಲ್ಲಿ ಸಿಗುವ ಮಾಲಾಗಿದ್ದರೆ ಗೌಡನಿಗೆ ಯಾರಾದರೂ ಒಂದು ಪಾವು ಕೊಡಿಸುತ್ತಿದ್ದರು.

"ಹಣಮ್ಯಾ" ಗೌಡ ಈ ಕಡೆ ತಿರುಗಿದ, "ಗಂಡು ಸಾಲಿನ ಕಡಿಗಿ ಪಂಪಿನ ಮೂತಿ ತಿರುಗಸಬ್ಯಾಡ ಮತ್ತ. ಗಾಳಿಗಿ ಒಂದು ಹನಿ ಹಾರಿ ಬಿದ್ರೂ ಪುಡಿ ಸಾಯ್ತೈತಿ. ಪುಡಿ ಸತ್ತ ಮ್ಯಾಲ ಹೆಣ್ಣು ಗಿಡ ಎಟು ಚಂದ ಇದ್ರೂ ಒಂದು ಕಾಯಿ ಕಟ್ಟಂಗಿಲ್ಲ. ಕಂಪನಿಯವ್ರು ಹತ್ತು ಸಲ ಹೇಳ್ಯಾರ."

"ಹ್ಞೂಂರಿ ಗೌಡ್ರ."

"ಅಲ್ಲಿ ಹುಳ ಬಿದ್ರ ಹೆಂಗಸರು ಕೈಲೇ ಆರಸ್ತಾರ. ಏ, ಬಾ, ತಗೋ."

ಗೌಡ ಅಂಗಿಯ ಕಿಸೆಯಿಂದ ಒಂದು ಬೆಲ್ಲದ ಚೂರು ತೆಗೆದು, ಕೈ ತಾಗದ ಹಾಗೆ ಮೇಲಿಂದ ಬಿಟ್ಟ. ಎಣ್ಣಿ ಹೊಡೆಯುವವನಿಗೆ ಬೆಲ್ಲ ಕೊಡುವುದು ಆ ಮನೆಯ ಪದ್ಧತಿ. ಬೆಲ್ಲ ತಿಂದರೆ ವಿಷ ಇಳಿಯುತ್ತದಂತೆ. ಹಣಮೇಶ ಅದೇ ತೊಯ್ದ ಕೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡ.

"ನಿಮ್ಮ ಮನಿತನಕ್ಕ ಎಣ್ಣಿ ಹತ್ತಂಗಿಲ್ಲ ಬಿಡಲೇ" ಅಂದ ಗೌಡ, ಟವೆಲಿನಿಂದ ಮೂಗು ಮುಚ್ಚಿಕೊಳ್ಳುತ್ತ.

ಆ ಹೆಸರಿನ ಕಥೆ ಹೇಳಲೇಬೇಕು. ಹಣಮೇಶನ ಮುತ್ಯಾ ಅಮಾತೆಪ್ಪ ಗೌಡನ ಅಪ್ಪನ ಹೊಲದಲ್ಲಿ ಹಳೇ ಧೋತರದ ಗಂಟಿನೊಳಗೆ ವಿಷದ ಪುಡಿ ಕಟ್ಟಿ ಗಿಡಗಳ ಮೇಲೆ ಜಾಡಿಸುತ್ತಿದ್ದ. ಆಮೇಲೆ ಕಾಲುವೆ ಬಂತು, ಹತ್ತಿ ಬಂತು, ಬೆನ್ನಿಗೆ ಪಂಪು ಬಂತು. ಅಕ್ಕಪಕ್ಕದ ಹೊಲಗಳಲ್ಲಿ ಎಣ್ಣಿ ಹೊಡೆಯುತ್ತ ಬಾಯಲ್ಲಿ ನೊರೆ ಬಂದು ಬಿದ್ದವರಿದ್ದರು. ಅಮಾತೆಪ್ಪ ಬೀಳಲಿಲ್ಲ, ಅವನ ಮಗ, ಹಣಮೇಶನ ಅಪ್ಪ ಮರಿಲಿಂಗಪ್ಪನೂ ಬೀಳಲಿಲ್ಲ. ಪಂಪಿನ ಮೂತಿ ಕಟ್ಟಿಕೊಂಡರೆ ಬಾಯಿಗಿಟ್ಟು ಉಫ್ ಎಂದು ಊದಿ, ಉಗುಳಿ, ಮುಂದಿನ ಸಾಲಿಗೆ ನಡೆಯುತ್ತಿದ್ದರು. ಆಗ ಗೌಡರ ಮನೆಯಿಂದ ಬಿರುದು ಬಂತು: ಎಣ್ಣಿ ಹತ್ತದ ಮನಿತನ. ಕೊಟ್ಟವರಿಗೆ ಖರ್ಚಿಲ್ಲ. ತೆಗೆದುಕೊಂಡವರು ಮಾತ್ರ ಅದನ್ನು ಬಂಗಾರದ ಕಡಗದಂತೆ ತೊಟ್ಟುಕೊಂಡರು. ಕನ್ಯೆ ಕೇಳಲು ಹೋದಾಗಲೂ ಅದೇ ಬಡಾಯಿ. ಮಲ್ಲೇಶ್ವರಿಯನ್ನು ರಂಗಂಪೇಟೆಗೆ ನೋಡಲು ಹೋದ ದಿನ ಮರಿಲಿಂಗಪ್ಪ ಎದೆ ಸೆಟೆಸಿ ಹೇಳಿದ್ದ, "ಬೀಗರ, ನಮ್ಮ ಹುಡುಗಗ ಜಡ್ಡು ಗಿಡ್ಡು ಏನೂ ಬರಂಗಿಲ್ರಿ. ಎಣ್ಣಿನ ಹತ್ತಂಗಿಲ್ಲ, ಇನ್ನ ಜ್ವರ ಏನ್ ಹತ್ತೀತು!"

ವಿಷದ ಪುಡಿ ಮುಟ್ಟುವ ಮೊದಲು ಅಮಾತೆಪ್ಪನಿಗೆ ಮನೆ ತುಂಬ ಮಕ್ಕಳು. ಮರಿಲಿಂಗಪ್ಪನಿಗೆ ಒಬ್ಬನೇ ಮಗ. ಆ ಮಗನಿಗೆ ಯಾರೂ ಇಲ್ಲ. ಲೆಕ್ಕ ಎಲ್ಲರ ಕಣ್ಣೆದುರೇ ಬಿದ್ದಿತ್ತು. ಕೂಡಿಸಿ ನೋಡುವ ಬದಲು ಊರು ಮಲ್ಲೇಶ್ವರಿಯ ಹೊಟ್ಟೆಯನ್ನು ನೋಡಿತು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಂದೆ ಬಂದು ಕೂತಿತ್ತು. ಹಣಮೇಶನ ತಾಯಿ ಲಾಲಮ್ಮ ರೊಟ್ಟಿ ಬಡಿಯುತ್ತ, ಒಂದೊಂದು ಬಡಿತಕ್ಕೂ ಒಂದೊಂದು ಮಾತು ಸೇರಿಸಿದಳು.

"ಬಂದ್ಲು ನೋಡು ಮಾರಾಣಿ, ಹೊಲದಾಗ ಮಂಗಳಾರತಿ ಮಾಡಿಸ್ಕೊಂಡು. ಕೊಡೇಕಲ್ಲಿಗಿ ಮೂರು ಸಲ ಬರಿಗಾಲಿಲೆ ನಡದು ಬಂದೆ ಈಕಿ ಸಲುವಾಗಿ. ದೇವರಿಗಿ ನನ್ನ ಹಿಮ್ಮಡಿ ಕಂಡ್ವು, ಈಕಿ ಹೊಟ್ಟಿ ಕಾಣಲಿಲ್ಲ. ಇನ್ನ ಸಾಕು. ಬಳಿಚಕ್ರದ ನಮ್ಮಣ್ಣ ಭೀಮರಾಯನ ಮಗಳು ದುರ್ಗಾದೇವಿ ಅದಾಳ. ಅಮಾಸಿ ಮರುದಿನ ಬಂದು ಮಾತು ಗಟ್ಟಿ ಮಾಡ್ತಾನಂತ. ಗೌಡಗೂ ಕೇಳೇನಿ, ಹ್ಞೂಂ ಅಂದಾನ."

"ನಮ್ಮ ಹಾಸಗಿ ಮಾತು ಗೌಡಗ ಯಾಕ ಕೇಳಬೇಕ್ರಿ ಅತ್ತಿ?"

"ನಾಲಿಗಿ ನೋಡು ಹಾದರಗಿತ್ತಿದು! ಮಾತು ಹಡೀತಾಳ, ಮಗಾ ಹಡ್ಯಾಕ ಬರಂಗಿಲ್ಲ."

ಮಲ್ಲೇಶ್ವರಿ ಅತ್ತೆಗೆ ಬೆನ್ನು ಹಾಕಿದಳು. ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಗಂಡನ ಮುಂದೆ ಬಂದು ನಿಂತಳು.

"ಸುರಪುರದ ದವಾಖಾನ್ಯಾಗ ನನ್ನ ಎರಡ ಸಲ ನೋಡ್ಯಾರ. ಎಲ್ಲಾ ಬರೋಬರಿ ಐತಿ, ಗಂಡನ್ನ ಕಳಸು ಅಂದ್ರು. ನೀವು ಹೋದ್ರೇನು?"

"ಗಂಡಸಿನ್ನ ಏನ್ ನೋಡ್ತಾರಲೇ?"

"ನನ್ನ ನೋಡಿದಂಗ ನಿಮ್ಮನ್ನೂ ನೋಡ್ತಾರ. ನನ್ನ ಕಾಲು ಅಗಲಿಸಿ ನೋಡಿದ್ರು, ನಾ ಏನ್ ಸತ್ನೇನು?"

ಹಣಮೇಶನ ಕೈ ಮೇಲೆದ್ದಿತು. ಹೊಲದಲ್ಲಿ ಬದುವಿನ ಮೇಲೆ ನಿಂತು ಬೈದ ಗೌಡನ ಮೇಲೆ ಏಳದ ಕೈ ಇಲ್ಲಿ ಸಲೀಸಾಗಿ ಎದ್ದಿತು. ಮಲ್ಲೇಶ್ವರಿ ಹಿಂದೆ ಸರಿಯಲಿಲ್ಲ, ಮೂಗು ಮಾತ್ರ ಮುರಿದಳು.

"ಹೊಡೀರಿ. ಆ ಕೈ ಹತ್ರ ಬಂದ್ರ ನನಗ ವಾಕರಿಕಿ ಬರ್ತೈತಿ, ಅಷ್ಟ."

ಕೈ ಕೆಳಗಿಳಿಯಿತು. ಅವನು ಅದನ್ನು ಮೂಸಿ ನೋಡಿಕೊಂಡ. ಎರಡು ಸಲ ಸಬೂನು ಹಚ್ಚಿದ್ದ. ವಾಸನೆ ಹೋಗಿರಲಿಲ್ಲ. ಅದು ಹೋಗದೆ ಎಷ್ಟು ವರ್ಷಗಳಾಗಿದ್ದವೋ, ಅವನ ಮೂಗಿಗೆ ಅವತ್ತೇ ತಿಳಿಯಿತು.

ಮರುವಾರ ಮೈ ಸರಿಯಿಲ್ಲವೆಂದು ಗೌಡನಿಗೆ ಸುಳ್ಳು ಹೇಳಿ, ಮನೆಯಲ್ಲಿ ಪಂಪಿನ ರಿಪೇರಿ ಎಂದು ಸುಳ್ಳು ಹೇಳಿ, ಹಣಮೇಶ ಶಹಾಪುರದ ಬಸ್ಸು ಹತ್ತಿದ. ಸುರಪುರಕ್ಕೆ ಹೋದರೆ ಯಾರಾದರೂ ನೋಡಿಯಾರು ಅನ್ನುವ ಭಯ. ಸಂತೆಬೀದಿಯ ಹಿಂದೆ ಒಂದು ಖಾಸಗಿ ದವಾಖಾನೆ. ಮಕ್ಕಳಿಲ್ಲದವರಿಗೆ ಮಕ್ಕಳು ಎಂದು ಬರೆದ ಬೋರ್ಡಿನ ಮೇಲೆ ಬಿಳಿ ಬಣ್ಣದ ಗುಂಡು ಮಗು ನಗುತ್ತಿತ್ತು. ಈ ಸೀಮೆಯ ಯಾವ ಕೇರಿಯಲ್ಲೂ ಹುಟ್ಟದಂಥ ಮಗು.

"ಲುಂಗಿ ಎತ್ತು" ಅಂದ ಡಾಕ್ಟರು, ಬಾಗಿಲು ಮುಚ್ಚದೆ.

ಹೊರಗೆ ಬೆಂಚಿನ ಮೇಲೆ ಹೆಂಗಸರು ಕೂತಿದ್ದರು. ಹಣಮೇಶ ಬಾಗಿಲಿಗೆ ಬೆನ್ನು ಹಾಕಿ ಎತ್ತಿದ. ಡಾಕ್ಟರು ಎರಡು ಬೆರಳಿನಿಂದ ಮುಟ್ಟಿ, ಒತ್ತಿ, ಸಂತೆಯಲ್ಲಿ ಬದನೆಕಾಯಿ ಹಿಸುಕಿ ನೋಡುವವರ ಹಾಗೆ ಬಿಟ್ಟ.

"ಒಂದು ಬೀಜ ಕೆಳಗೇ ಇಳಿದಿಲ್ಲವಲ್ಲಯ್ಯಾ. ಹುಟ್ಟಿದಾಗಲೇ ತೋರಿಸಬೇಕಾಗಿತ್ತು. ಇಷ್ಟು ವರ್ಷ ಏನು ಕತ್ತೆ ಕಾಯ್ತಿದ್ರಾ? ಮತ್ತೆ ಇದೇನು ವಾಸನೆ? ಸ್ನಾನ ಮಾಡಿಕೊಂಡು ಬರಬಾರದಾ?"

"ಮಾಡೇನ್ರಿ ಸಾಹೇಬ್ರ."

"ಇದು ಸ್ನಾನ ಮಾಡಿದವನ ವಾಸನೆನಾ!" ಡಾಕ್ಟರು ಕೈಗವಸು ಕಳಚಿ ಬುಟ್ಟಿಗೆ ಎಸೆದು, ಕೈಯನ್ನು ತೊಳೆದ, ಮತ್ತೆ ತೊಳೆದ.

ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಶೌಚಾಲಯ ತೋರಿಸಿದರು. ಚಿಲಕ ಇರಲಿಲ್ಲ, ಒಂದು ಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿಯಬೇಕು. ಗೋಡೆಯ ತುಂಬ ಗುಟ್ಕಾದ ಉಗುಳು, ಕೆಳಗೆ ಯಾರದೋ ಹೇಲು ನೀರಿಲ್ಲದೆ ಒಣಗಿ ನೊಣ ಮುತ್ತಿತ್ತು. ಅಲ್ಲಿ ನಿಂತು ಅವನು ತನ್ನ ಗಂಡಸುತನವನ್ನು ಡಬ್ಬಿಗೆ ಇಳಿಸಬೇಕಾಗಿತ್ತು. ಹೊರಗಿನಿಂದ ಯಾವನೋ "ಜಲ್ದಿ ಮಾಡೋ ಮಾರಾಯಾ, ಒಳಗ ಮನಿ ಕಟ್ಟಾಕತ್ತಿಯೇನು?" ಎಂದು ಬಾಗಿಲು ಗುದ್ದಿದ. ಹಣಮೇಶನಿಗೆ ಅಳು ಬಂತು. ಅಳುತ್ತಲೇ ಕೆಲಸ ಮುಗಿಸಿದ. ತನ್ನ ಮೈಮೇಲೆ ತನಗೇ ಅಂಥ ಹೇಸಿಗೆ ಅವನಿಗೆ ಯಾವತ್ತೂ ಹುಟ್ಟಿರಲಿಲ್ಲ.

ಪರೀಕ್ಷೆ ಮಾಡುವ ಕೋಣೆಯಲ್ಲಿದ್ದವಳು ಪರಿಮಳಾ, ಸುರಪುರದ ಕಡೆಯ ಹೆಂಗಸು. ಮೂಗು ಮುಚ್ಚಿಕೊಳ್ಳಲಿಲ್ಲ. ಡಬ್ಬಿಯಲ್ಲಿದ್ದುದನ್ನು ಪರೀಕ್ಷಿಸಿ ಮುಗಿಸಿ, ಕುರ್ಚಿ ಎಳೆದು ಕೂರಿಸಿದಳು.

"ಅಣ್ಣಾ, ಸುತ್ತಿ ಬಳಸಿ ಹೇಳಾಕ ನನಗ ಬರಂಗಿಲ್ಲ. ಇದರಾಗ ಜೀವ ಇರೋದು ಒಂದೂ ಇಲ್ಲ. ಇನ್ನೊಮ್ಮಿ ನೋಡೂನು, ಆದ್ರ ಭಾಳ ಆಸೆ ಇಟಗೋಬ್ಯಾಡ. ಏನ್ ಕೆಲಸ ಮಾಡ್ತಿ?"

"ಎಣ್ಣಿ ಹೊಡೀತೀನ್ರಿ. ಹತ್ತಿಗಿ."

"ಎಟು ವರ್ಷಾತು?"

"ಮೀಸಿ ಬರೋಕಿಂತ ಮೊದ್ಲಿಂದ."

"ನಿಮ್ಮಪ್ಪ?"

"ಅವನೂ ಅದೇರಿ. ನಮ್ಮ ಮುತ್ಯಾನೂ."

"ನೀ ಹೊಟ್ಟ್ಯಾಗಿದ್ದಾಗ ನಿಮ್ಮವ್ವ ಎಲ್ಲಿ ದುಡೀತಿದ್ಲು?"

"ಅದ ಹೊಲದಾಗರಿ. ನಮ್ಮಪ್ಪ ಹೊಡದ ಸಾಲಿನಾಗ ಆಕಿ ಕಳೆ ತೆಗೀತಿದ್ಲು."

ಪರಿಮಳಾ ಡಬ್ಬಿಯ ಮುಚ್ಚಳ ಹಾಕಿದಳು. "ಇದರಿಂದನ ಆಗೇತಿ ಅಂತ ಎದಿ ಮುಟ್ಟಿ ಹೇಳಾಕ ಯಾರಿಗೂ ಆಗಂಗಿಲ್ಲಣ್ಣಾ. ನೂರಾ ಎಂಟು ಕಾರಣ ಇರ್ತಾವ. ಆದ್ರ ಆ ಎಣ್ಣಿ ಗಂಡಸಿನ ಬೀಜ ತಿಂತೈತಿ, ಹೊಟ್ಟ್ಯಾಗಿನ ಕೂಸಿಗೂ ತಾಗ್ತೈತಿ ಅಂತ ಓದಿದವ್ರು ಹೇಳ್ತಾರ. ಈ ಕುರ್ಚಿ ಮ್ಯಾಲ ನಿನ್ನಂಥವ್ರು ಕುಂತು ಕುಂತು ಎದ್ದು ಹೋಗ್ಯಾರ. ಒಂದು ಮಾತು ನೆನಪಿಡು. ಹೆಂಡತಿಗಿ ಏನೂ ಅನಬ್ಯಾಡ. ಆಕಿದು ತಪ್ಪಿಲ್ಲ."

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತ. ಎರಡೂ ಕಡೆ ಹತ್ತಿ, ಭತ್ತ, ಹತ್ತಿ. ಪಕ್ಕದವನು ಇವನ ವಾಸನೆಗೆ ಎದ್ದು ಬೇರೆ ಸೀಟಿಗೆ ಹೋದ. ಒಂದು ಹೊಲದ ಮೂಲೆಯಲ್ಲಿ ಗೂಟಕ್ಕೆ ಕಟ್ಟಿದ ಸೀರೆಗಳು ಗಾಳಿಗೆ ಉಬ್ಬಿ ಹಾರುತ್ತಿದ್ದವು. ಹಣಮೇಶ ಅದನ್ನೇ ನೋಡುತ್ತಿದ್ದವನು ತಟ್ಟನೆ ಎದ್ದು ನಿಂತುಬಿಟ್ಟ. ಒಂದು ಹನಿ ಬಿದ್ದರೂ ಪುಡಿ ಸಾಯುತ್ತದೆ. ಕಾಯಿ ಕಟ್ಟುವುದಿಲ್ಲ. ಗೌಡ ಹೇಳಿದ್ದ. ಪ್ರತಿ ವರ್ಷ, ಪ್ರತಿ ಸಲ, ಬಾಯಿಬಿಟ್ಟು ಹೇಳಿದ್ದ! ಗೊತ್ತಿಲ್ಲದೆ ಮಾಡಿದ್ದಲ್ಲ ಹಲ್ಕಟ್ ನನ್ನ ಮಗ. ಗಿಡಕ್ಕೆ ಸೀರೆ ಕಟ್ಟಿಸಿದ, ಮನುಷ್ಯನಿಗೆ ಬೆಲ್ಲ ಕೊಟ್ಟ.

"ಏ, ಇಳೀತಿಯೇನು? ಇನ್ನ ಸ್ಟಾಪ್ ಬಂದಿಲ್ಲ, ಕುಂದ್ರು" ಎಂದು ಕಂಡಕ್ಟರ್ ಗದರಿದ.

ಸಂಜೆ ಮರಿಲಿಂಗಪ್ಪ ಕಾಲುವೆಯ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ. ಈಗ ಅವನಿಗೆ ಪಂಪು ಹೊರಲು ಆಗುವುದಿಲ್ಲ. ಕೈ ಸದಾ ನಡುಗುತ್ತದೆ, ಬೀಡಿ ತುಟಿಗೆ ಸಿಗಲು ಎರಡು ಮೂರು ಸಲ ಹುಡುಕಾಡಬೇಕು. ಹಣಮೇಶ ಪಕ್ಕಕ್ಕೆ ಕೂತು, ನೀರಿನ ಕಡೆ ನೋಡುತ್ತಲೇ ಎಲ್ಲ ಹೇಳಿದ. ಮುದುಕ ಬೀಡಿಯನ್ನು ನೀರಿಗೆ ಬಿಟ್ಟ.

"ನಿನಗೂ ಅದ ಆತೇನಪಾ?"

"ನಿನಗೂ ಅಂದ್ರ?"

"ನೀ ಹುಟ್ಟೋಕಿಂತ ಮೊದ್ಲ ನಿಮ್ಮವ್ವಂದು ನಾಕು ಇಳದು ಹೋದ್ವು. ಒಂದರದು ಕೈ ಇರಲಿಲ್ಲ. ನಾನ ಹೊಂಗಿ ಗಿಡದ ಬುಡಕ ಹೂಳಿ ಬಂದೆ, ಆಕಿಗಿ ತೋರಸಲಿಲ್ಲ. ಆಮ್ಯಾಲ ನೀನೊಬ್ಬ ಉಳದಿ. ಊರಾಗೆಲ್ಲಾ ಆಕಿನ್ನ ಮಕ್ಕಳ ತಿಂದಾಕಿ ಅಂದ್ರು. ನಾನೂ ಅಂದೆ."

"ನಿನಗ ಸಂಶೇ ಬರಲಿಲ್ಲೇನಪ್ಪಾ?"

ಮರಿಲಿಂಗಪ್ಪ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. "ಒಂದ ಸಲ ಬಂದಿತ್ತು. ಈ ಬಸವಂತ್ರಾಯ ಆಗ ಹರೇದವ, ಲಗ್ನ ಆಗಿದ್ದಿಲ್ಲ. ಪಂಪು ಹೊತ್ತು ನೋಡ್ತೀನಿ ಅಂತ ಹಟಕ್ಕ ಬಿದ್ದ. ದೊಡ್ಡ ಗೌಡ ಬಂದು ಮಗನ ಕಪಾಳಕ್ಕ ಬಿಗದ. 'ಮದಲ ಎರಡು ಗಂಡು ಹುಟ್ಟಿಸು, ಆಮ್ಯಾಲ ಎಣ್ಣಿ ಹೊಲಕ್ಕ ಇಳಿ' ಅಂದ. ನಾ ಅಲ್ಲೇ ಬಕೀಟಿನಾಗ ಕೈ ಇಟ್ಟು ಕುಂತಿದ್ದೆ. ನನಗ ಆಗ ಲಗ್ನಾಗಿ ವರ್ಷ ಸೈತ ಆಗಿದ್ದಿಲ್ಲ."

"ಕೇಳಿ ಸುಮ್ಮ ಕುಂತಿ?"

"ನಮಗ ಹತ್ತಂಗಿಲ್ಲ ಅನ್ಕೊಂಡ್ನಲೇ ಮಗನ! ಅವ್ರದು ನಾಜೂಕು ರಕ್ತ, ನಮ್ಮದು ಗಟ್ಟಿ ಅಂತ ತಿಳದೆ. ಬೇಕೂಫ, ಬೇಕೂಫ ಸೂಳೇಮಗ ನಾನು." ಮುದುಕ ತನ್ನ ಹಣೆಯನ್ನು ತಾನೇ ಬಡಿದುಕೊಂಡ. ನಡುಗುವ ಕೈಯಾದ್ದರಿಂದ ಏಟು ಕಿವಿಗೆ ಬಿತ್ತು.

ಹಣಮೇಶ ಹೆಂಡತಿಗೆ ಹೇಳಲಿಲ್ಲ. ಹೇಳಬೇಕೆಂದು ದಿನಾ ಅಂದುಕೊಂಡ, ರೊಟ್ಟಿಯ ಜೊತೆ ನುಂಗಿದ. ಅವಳನ್ನು ಬಂಜೆ ಅನ್ನುವಾಗ ಊರು ಅವನನ್ನು ಗಂಡಸು ಅನ್ನುತ್ತಿತ್ತು. ಒಂದು ಮಾತು ಆಡಿದರೆ ಅದು ಹೋಗುತ್ತದೆ. ಆಡದಿದ್ದರೆ ಅವಳು ಹೋಗುತ್ತಾಳೆ, ಜೊತೆಗೆ ಬಳಿಚಕ್ರದ ಹುಡುಗಿಯೊಬ್ಬಳು ಬಂದು ಇದೇ ಬಂಜೆ ಎಂಬ ಕಿರೀಟ ಹೊರುತ್ತಾಳೆ. ಮಲ್ಲೇಶ್ವರಿ ತನ್ನ ಎರಡು ಸೀರೆ, ಒಂದು ತಂಬಿಗೆ ಗಂಟು ಕಟ್ಟಿ ಮೂಲೆಗಿಟ್ಟಿದ್ದಳು. ಆ ಗಂಟನ್ನು ದಾಟಿಯೇ ಅವನು ದಿನಾ ಹಾಸಿಗೆಗೆ ಹೋಗಬೇಕಾಗಿತ್ತು.

ಅಮಾವಾಸ್ಯೆಯ ಮರುದಿನ ಮುಂಜಾನೆ ಭೀಮರಾಯ ಬಳಿಚಕ್ರದಿಂದ ಬಂದ. ಮನೆಗೆ ಬರಲು ತನಗೆ ಪುರಸತ್ತಿಲ್ಲ, ಮಾತೇನಿದ್ದರೂ ಹೊಲಕ್ಕೇ ಬರಲಿ ಎಂದು ಗೌಡ ಹೇಳಿ ಕಳಿಸಿದ್ದ. ಬೇವಿನ ಮರದ ಕೆಳಗೆ ಗೌಡನಿಗೆ ಕುರ್ಚಿ. ಭೀಮರಾಯ, ಲಾಲಮ್ಮ, ಮರಿಲಿಂಗಪ್ಪ ನೆಲಕ್ಕೆ. ಮಲ್ಲೇಶ್ವರಿ ನೀರಿನ ಕೊಡದ ಹತ್ತಿರ, ಗಂಟು ಮಗ್ಗುಲಲ್ಲಿ. ಗಂಡು ಸಾಲು ಆ ದಿನ ಹೂವಿನಿಂದ ತುಂಬಿ ನಿಂತಿತ್ತು. ಹೆಂಗಸರು ಹೂ ಕೀಳಲು ಇನ್ನೂ ಕೈ ಹಚ್ಚಿರಲಿಲ್ಲ. ಹಣಮೇಶ ತುಂಬಿದ ಪಂಪನ್ನು ಬೆನ್ನಿಗೇರಿಸಿ, ಗೌಡ ಕೊಡುವ ಬೆಲ್ಲಕ್ಕೆ ಕೈ ಒಡ್ಡಿದ. ಚೂರು ಬಿತ್ತು. ಅವತ್ತು ಅವನು ತಿನ್ನಲಿಲ್ಲ, ಕಿಸೆಗೆ ಹಾಕಿಕೊಂಡ.

"ನೋಡ್ ಭೀಮರಾಯ" ಗೌಡ ಕಾಲ ಮೇಲೆ ಕಾಲು ಹಾಕಿದ, "ಮಗಳ್ನ ಕೊಡಾಕ ಹಿಂದ ಮುಂದ ನೋಡಬ್ಯಾಡ. ಎಣ್ಣಿ ಹತ್ತದ ಮನಿತನ ಇದು. ಇವರ ಮುತ್ಯಾ ನಮ್ಮಪ್ಪನ ಹೊಲಕ್ಕ ಹೊಡದ, ಇವರಪ್ಪ ನನಗ ಹೊಡದ, ಇಂವ ಈಗ ಹೊಡ್ಯಾಕತ್ತಾನ. ನಾಳೆ ನನ್ನ ಮಗನ ಹೊಲಕ್ಕ ಯಾರು ಹೊಡೀಬೇಕು? ಇಂಥಾ ತಳಿ ನಿಲ್ಲಬಾರದಪಾ. ಆ ಗೊಡ್ಡೆಮ್ಮಿನ ರಂಗಂಪೇಟಿಗಿ ಹೊಡದು ಬಿಡ್ರಿ. ಲಗ್ನದ ಖರ್ಚು ನಾ ನೋಡ್ಕೊಂತೀನಿ."

ಭೀಮರಾಯ ಕೈ ಮುಗಿದ. ಲಾಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಲ್ಲೇಶ್ವರಿ ಗಂಟನ್ನು ಎತ್ತಿಕೊಂಡು ಎದ್ದಳು.

"ನಿಂದ್ರು" ಅಂದ ಹಣಮೇಶ. ಮತ್ತೆ ಅಂದ, ಹೊಲದಲ್ಲಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ, "ಮಲ್ಲಿ, ನಿಂದ್ರು. ಮಾವಾ, ಮಗಳನ್ನ ಕೊಡಬ್ಯಾಡ. ಕುಂದು ಈಕಿದಲ್ಲ, ನಂದು. ನಾ ಶಾಪುರಕ್ಕ ಹೋಗಿ ತೋರಿಸಿ ಬಂದೇನಿ. ನನ್ನ ಬೀಜ ಸತ್ತಾವ. ಒಂದು ಬೀಜ ಹುಟ್ಟಿದಾಗಿಂದ ಇಳದ ಇಲ್ಲ."

ಯಾರೋ ಹೆಂಗಸು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಲಾಲಮ್ಮ "ಯಪ್ಪಾ, ಮಾನ ಕಳೀಬ್ಯಾಡೋ" ಎಂದು ಮಣ್ಣು ತೂರಿದಳು.

"ಯವ್ವ, ನಿನ್ನ ಹೊಟ್ಟ್ಯಾಗಿನ ನಾಕು ಮಕ್ಕಳು ಯಾಕ ಇಳದು ಹೋದ್ವು ಕೇಳು ಗೌಡಗ. ಮಕ್ಕಳ ತಿಂದಾಕಿ ನೀ ಅಲ್ಲ. ನಮ್ಮ ಮನಿಗಿ ಎಣ್ಣಿ ಹತ್ತೇತಿ. ಮುತ್ಯಾನಿಂದ ಹತ್ತಕೋತ ಬಂದೈತಿ."

"ಥೂ ನಿಮ್ಮೌನ್!" ಗೌಡ ಕುರ್ಚಿಯಿಂದ ಎದ್ದ. "ನಿನ್ನ ಸಾಮಾನು ಏಳದಿದ್ರ ನನ್ನ ಎಣ್ಣಿಗಿ ಯಾಕ ಅಂತಿಯೋ ಭಾಡ್ಕಾವ್? ಎಣ್ಣಿಗೂ ಬೀಜಕ್ಕೂ ಏನ್ ಸಂಬಂಧ?"

"ಸಂಬಂಧ ಇಲ್ಲೇನ್ರಿ?"

"ಇಲ್ಲ!"

"ಖರೇ?"

"ಖರೇಲೇ ಸೂಳೇಮಗನ, ಏನೂ ಸಂಬಂಧ ಇಲ್ಲ!"

"ಹಂಗಾದ್ರ ಆತು ಬಿಡ್ರಿ" ಅಂದ ಹಣಮೇಶ. ಹೊಲದ ಕಡೆ ತಿರುಗಿದ. "ಅಕ್ಕಗೋಳ್ಯಾ, ಹೊರಗ ಬರ್ರಿ. ಬದುವಿನ ಮ್ಯಾಲ ಬರ್ರಿ, ಗಾಳಿ ಬರೋ ಕಡಿಗಿ. ಗೌಡ್ರು ನಿಂದ್ರತಾರಲ್ಲ, ಅಲ್ಲಿ."

ಒಬ್ಬಳು ಬಂದಳು. ಆಮೇಲೆ ಇಬ್ಬರು. ಆಮೇಲೆ ಸಾಲುಸಾಲೇ ಎದ್ದು ಬಂದು ಗೌಡನ ಸುತ್ತ ನಿಂತರು. ಹಣಮೇಶ ಗಂಡು ಸಾಲಿನ ಕಡೆ ನಡೆದ. ಸೀರೆಗಳ ಗೋಡೆ ಅಡ್ಡ ಇತ್ತು. ಅವನು ಕೈ ಹಾಕುವ ಮೊದಲೇ ಮಲ್ಲೇಶ್ವರಿ ಬಂದಿದ್ದಳು. ತನ್ನ ಹಸಿರು ಸೀರೆಯ ಗಂಟು ಬಿಚ್ಚಿ, ಗೂಟದಿಂದ ಎಳೆದು ಹೆಗಲಿಗೆ ಹಾಕಿಕೊಂಡಳು. ಬಾಗಿಲಷ್ಟು ಜಾಗ ತೆರೆಯಿತು.

"ಹಣಮ್ಯಾ! ಏ! ಹುಚ್ಚ ಹಿಡದೈತೇನಲೇ? ಪುಡಿ ಸಾಯ್ತೈತಿ! ಹೊಲ ಎಲ್ಲಾ ಮಣ್ಣಾಗ ಹೋಗ್ತೈತಿ!"

ಹಣಮೇಶ ಪಂಪು ಒತ್ತಿದ. ಅರಳಿದ ಹೂವಿನ ಬಾಯಿಯೊಳಗೆ, ಒಂದೊಂದಕ್ಕೂ, ಸಾವಕಾಶವಾಗಿ, ಚಲೋ ಕೆಲಸಗಾರ ಮಾಡುವ ಹಾಗೆ ಹೊಡೆದ. ಮೊದಲ ಸಾಲು ಮುಗಿಯಿತು. ಎರಡನೆಯದರ ನಡುವೆ ಮೂತಿ ಕಟ್ಟಿಕೊಂಡಿತು. ಅಭ್ಯಾಸಬಲದಿಂದ ಅದನ್ನು ಬಾಯಿಗೆ ತಂದ. ತುಟಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಮಲ್ಲೇಶ್ವರಿ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೊಟ್ಟಳು. ಅವನು ಪಿನ್ನಿನಿಂದ ಚುಚ್ಚಿ ಕಸ ತೆಗೆದ. ಇಷ್ಟು ಸುಲಭದ ಕೆಲಸಕ್ಕೆ ಮೂರು ತಲೆಮಾರು ಬಾಯಿ ಕೊಟ್ಟಿದ್ದವು.

ಗೌಡ ಓಡಿ ಬಂದವನು ತೆರೆದ ಜಾಗದಲ್ಲಿ ಗಕ್ಕನೆ ನಿಂತ. ಒಳಗೆಲ್ಲ ತುಂತುರು ತುಂಬಿತ್ತು. ಟವೆಲನ್ನು ಮೂಗಿಗೆ ಒತ್ತಿ ಹಿಂದಕ್ಕೆ ಸರಿದ. ಅಲ್ಲಿಂದಲೇ ಫೋನು ತೆಗೆದು ಮಗನಿಗೆ ಕೂಗತೊಡಗಿದ, ಆಳುಗಳನ್ನು ಕರಕೊಂಡು ಬಾ, ಬಡಿಗೆ ತಗೊಂಡು ಬಾ ಎಂದು.

"ಹಣಮ್ಯಾ" ಬದುವಿನ ಮೇಲಿಂದ ಮರಿಲಿಂಗಪ್ಪ ನಡುಗುವ ಕೈ ಎತ್ತಿ ತೋರಿಸಿದ, "ಆ ಮೂಲಿ ಬಿಟ್ಟೀದಿ ನೋಡು."

ಹಣಮೇಶ ಹಿಂದಿರುಗಿ ಆ ಮೂಲೆಗೂ ಹೊಡೆದ. ಪಂಪು ಖಾಲಿಯಾಯಿತು. ಬೆನ್ನಿನಿಂದ ಇಳಿಸಿ ಸಾಲಿನ ನಡುವೆ ಇಟ್ಟು ಹೊರಗೆ ಬಂದ.

ತುಂತುರು ನಿಂತ ಮೇಲೆ ಗೌಡ ಒಳಗೆ ನುಗ್ಗಿದ. ಮೊಣಕಾಲೂರಿ, ತನ್ನ ಬಿಳಿ ಟವೆಲಿನ ತುದಿಯಿಂದ ಒಂದೊಂದೇ ಹೂವಿನ ಒಳಗನ್ನು ಒರೆಸತೊಡಗಿದ, ಕೂಸಿನ ಬಾಯಿ ಒರೆಸಿದ ಹಾಗೆ. ಹಳದಿ ಪುಡಿ ಒದ್ದೆಯಾಗಿ ಗಂಜಿಯಂತೆ ಟವೆಲಿಗೆ ಅಂಟುತ್ತಿತ್ತು. "ಸತ್ವು, ಸತ್ವು, ಎಲ್ಲಾ ಸತ್ವು" ಎಂದು ಗೊಣಗುತ್ತಿದ್ದ. ಊರ ಕಡೆಯ ದಾರಿಯಲ್ಲಿ ಮೋಟಾರ್ ಸೈಕಲ್ಲುಗಳ ಸದ್ದು ಕೇಳಿಸಿತು. ಬದುವಿನ ಮೇಲಿದ್ದ ಹೆಂಗಸರು ಒಬ್ಬರೂ ಕದಲಲಿಲ್ಲ. ಲಾಲಮ್ಮ ಎದ್ದು ಬಂದು ಸೊಸೆಯ ಪಕ್ಕ ನಿಂತಳು, ಅವಳ ಮುಖ ನೋಡದೆ.

ಹಣಮೇಶ ಕಿಸೆಯಿಂದ ಬೆಲ್ಲದ ಚೂರು ತೆಗೆದ. ಗೌಡನ ಮುಂದೆ, ಕೈ ತಾಗದ ಹಾಗೆ, ಮೇಲಿಂದ ಬಿಟ್ಟ.

"ಬೆಲ್ಲಾ ತಿನಸ್ರಿ ಗೌಡ್ರ ನಿಮ್ಮ ಹೂವಿಗಿ" ಅಂದ. "ಇಳೀತೈತಿ."